ಹೊಳೆಯ ಮರಳು, ನಮ್ಮ ಮನೆಯ ಗೋಡೆ



ನೀವು ವಾಸವಾಗಿರುವ ಮನೆಯ ಗೋಡೆಯಲ್ಲಿ ಎಷ್ಟು ಹೊಳೆ ಇದೆ ಎಂದು ಎಂದಾದರೂ ಯೋಚಿಸಿದ್ದೀರಾ? ಸಾವಿರ ಚದರಡಿಯ ಮನೆಯೊಂದಕ್ಕೆ ಏಳೆಂಟು ಟಿಪ್ಪರ್ ಮರಳು ಬೇಕೆಂಬುದು ನಮ್ಮ ಮೇಸ್ತ್ರಿಗಳ ಲೆಕ್ಕ. ನಮ್ಮ ನಲ್ಲೂರು ಹೊಳೆದಂಡೆಯ ಊರಲ್ಲ. ಇಲ್ಲಿ ಅಡಿಕೆ ತೋಟಗಳಿವೆ, ಭದ್ರಾ ನಾಲೆಯ ನೀರಿದೆ, ಮಳೆಗಾಲದಲ್ಲಿ ಹೊಳೆ ಉಕ್ಕಿ ಮನೆಯೊಳಗೆ ಬರುತ್ತದೆಂಬ ಭಯವಿಲ್ಲ. ಹೊನ್ನಾಳಿಯಲ್ಲಿ ತುಂಗಭದ್ರೆ ಅಪಾಯದ ಮಟ್ಟ ಮೀರಿದಳೆಂಬ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದಿ, ಪಾಪ ಎಂದು ಮರುಗಿ, ಮುಂದಿನ ಪುಟ ತಿರುವುತ್ತೇವೆ. ಆದರೆ ನಮ್ಮ ತಾರಸಿಗೆ, ಗಿಲಾವಿಗೆ, ಅಡಿಕೆ ಒಣಗಿಸುವ ಕಣಕ್ಕೆ ಸೇರಿರುವ ಮರಳು ಹೊನ್ನಾಳಿ, ನ್ಯಾಮತಿಗಳ ಕಡೆಯ ಹೊಳೆಯದು. ತೋಟಕ್ಕೆ ಹೊಡೆಸಿದ ಮಣ್ಣು, ರಸ್ತೆಗೆ ಹಾಸಿದ ಗರಸು ಯಾವುದೋ ಗುಡ್ಡದ ಪಕ್ಕೆಯದು. ಹೊಳೆ ನಮ್ಮ ಊರಿಗೆ ಬಾರದೇ ಇದ್ದರೂ ಹೊಳೆಯ ಅರ್ಧ ಭಾಗವನ್ನು ನಾವು ಊರಿಗೆ ತಂದುಕೊಂಡಿದ್ದೇವೆ. ಆದುದರಿಂದ ಈ ವಿಷಯ ದಂಡೆಯವರಿಗೆ ಮಾತ್ರ ಸೇರಿದ್ದಲ್ಲ ಎಂದು ನಿಮಗೆ ಬರೆಯುತ್ತಿದ್ದೇನೆ.

ಮರಳು ಎಂಬುದು ಹೊಳೆಯಲ್ಲಿ ತಾನಾಗಿ ಬೆಳೆಯುವ ಬೆಳೆಯಲ್ಲ. ತುಂಗೆ ಮತ್ತು ಭದ್ರೆ ಎರಡೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಬಳಿ ಕೂಡ್ಲಿಯಲ್ಲಿ ಸೇರುತ್ತವೆ. ಬಂಡೆ ಬಿರಿದು, ಕಲ್ಲು ಕಲ್ಲಿಗೆ ಉಜ್ಜಿ, ಸಾವಿರಾರು ಮಳೆಗಾಲಗಳು ತೇದು ತೇದು ಒಂದು ಹಿಡಿ ಮರಳಾಗುತ್ತದೆ. ಪ್ರತಿ ವರ್ಷದ ಪ್ರವಾಹವು ಮೇಲಿನಿಂದ ಒಂದಿಷ್ಟನ್ನು ತಂದಿಟ್ಟು, ಇಲ್ಲಿದ್ದುದರಲ್ಲಿ ಒಂದಿಷ್ಟನ್ನು ಕೆಳಕ್ಕೆ ಒಯ್ಯುತ್ತದೆ. ಬಂದದ್ದು ಹೋದದ್ದು ಸರಿತೂಗಿದರೆ ಹೊಳೆಯ ಪಾತ್ರ ಇದ್ದ ಮಟ್ಟದಲ್ಲೇ ಇರುತ್ತದೆ. ಈಗ ಈ ಜಮಾಖರ್ಚಿನ ಜಮೆಯ ಕಡೆ ನೋಡಿ. ಭದ್ರೆಯು ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ. ನೀರನ್ನು ನಾಲೆಗೆ ಬಿಡಬಹುದು, ಕ್ರಸ್ಟ್‌ಗೇಟಿನಿಂದ ಹೊಳೆಗೂ ಬಿಡಬಹುದು. ಮರಳು ಮಾತ್ರ ಜಲಾಶಯದ ಹಿನ್ನೀರಿನಲ್ಲಿಯೇ ಕೂರುತ್ತದೆ. ತುಂಗೆಗೂ ಗಾಜನೂರಿನಲ್ಲಿ ತಡೆಯುಂಟು. ನಮ್ಮ ತೋಟಗಳಿಗೆ ನೀರು ಕೊಟ್ಟ ಆ ಅಣೆಕಟ್ಟನ್ನು ನಾನು ದೂರುತ್ತಿಲ್ಲ. ಅದಿಲ್ಲದಿದ್ದರೆ ಚನ್ನಗಿರಿ ಸೀಮೆಯ ಅರ್ಧ ಜನ ಗುಳೆ ಹೋಗಬೇಕಾಗುತ್ತಿತ್ತು. ಆದರೆ ಹೊಳೆಯ ಆದಾಯ ಕಡಿಮೆಯಾದ ಮೇಲೆ ನಾವು ಖರ್ಚನ್ನು ಹೆಚ್ಚಿಸುತ್ತಲೇ ಬಂದಿದ್ದೇವೆಂಬುದು ಲೆಕ್ಕದ ಮಾತು, ಅದರಲ್ಲಿ ಭಾವುಕತೆಯೇನೂ ಇಲ್ಲ.

ಹಾಗೆಂದು ಹೂಳೆಲ್ಲವೂ ಸಂಪತ್ತಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಗಣಿಯ ಕೆಸರು ಮಳೆಗಾಲದಲ್ಲಿ ಭದ್ರೆಗೆ ಇಳಿಯುತ್ತಿದ್ದುದು ದೊಡ್ಡ ವಿವಾದವಾಗಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ಕೆಳಗೆ ಹೊಸಪೇಟೆಯ ತುಂಗಭದ್ರಾ ಜಲಾಶಯವು 133 ಟಿಎಂಸಿ ಅಡಿಗೆ ಕಟ್ಟಿದ್ದು, ಹೂಳಿನಿಂದಾಗಿ ಈಗ ಸುಮಾರು 105ಕ್ಕೆ ಇಳಿದಿದೆ. ಒಂದೇ ನದಿ. ಮೂಲದಲ್ಲಿ ಕೆಸರಿನ ದೂರು, ನಡುವೆ ಮರಳಿಲ್ಲದ ದೂರು, ಕೆಳಗೆ ಹೂಳಿನ ದೂರು. ಇದನ್ನು ನೋಡಿದವರು ಒಂದು ಪ್ರಶ್ನೆ ಕೇಳುತ್ತಾರೆ: ಅಷ್ಟೊಂದು ಹೂಳು ತುಂಬುತ್ತಿರುವಾಗ ಹೊಳೆಯಿಂದ ಮರಳು ತೆಗೆದರೆ ತಪ್ಪೇನು? ಹೊಳೆ ಆಳವಾದರೆ ನೆರೆಯೂ ಕಡಿಮೆಯಾಗುವುದಿಲ್ಲವೇ?

ಈ ವಾದವನ್ನು ನಾನು ಚಹಾದಂಗಡಿಯಲ್ಲಿ ಕೇಳಿದ್ದೇನೆ, ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿಯೂ ಕೇಳಿದ್ದೇನೆ. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದುದರಿಂದ ಸ್ವಲ್ಪ ಲೆಕ್ಕ ಹಾಕೋಣ. ಹೊಳೆಯಲ್ಲಿ ನೂರು ಮೀಟರ್ ಉದ್ದ, ಐವತ್ತು ಮೀಟರ್ ಅಗಲ, ಮೂರು ಮೀಟರ್ ಆಳದ ಒಂದು ಗುಂಡಿ ತೋಡಿದರೆಂದು ಇಟ್ಟುಕೊಳ್ಳಿ. ಅದರಿಂದ ಬರುವುದು 15,000 ಘನ ಮೀಟರ್ ಮರಳು, ಅಂದರೆ ಹತ್ತು ಟನ್ನಿನ ಸುಮಾರು 2,400 ಲೋಡು, ಮುನ್ನೂರು ಮನೆಗೆ ಸಾಕು. ಈಗ ಆಗಸ್ಟ್ ತಿಂಗಳು ಬಂತು. ಹೊಳೆಯಲ್ಲಿ ಒಂದು ಲಕ್ಷ ಕ್ಯೂಸೆಕ್ ನೀರು ಹರಿಯುತ್ತಿದೆಯೆಂದರೆ ಪ್ರತಿ ಸೆಕೆಂಡಿಗೆ 2,800ಕ್ಕೂ ಹೆಚ್ಚು ಘನ ಮೀಟರ್ ಎಂದರ್ಥ. ಆ ಗುಂಡಿ ತುಂಬಲು ಬೇಕಾದದ್ದು ಐದಾರು ಸೆಕೆಂಡು. ನೀವು ಶಿಲುಬೆಯ ಗುರುತು ಹಾಕಿಕೊಳ್ಳುವಷ್ಟರಲ್ಲಿ ಗುಂಡಿ ತುಂಬಿರುತ್ತದೆ, ನೆರೆ ಹಾಗೆಯೇ ಮುಂದೆ ಹೋಗುತ್ತಿರುತ್ತದೆ.

ಗುಂಡಿ ನೆರೆಯನ್ನು ನುಂಗುವುದಿಲ್ಲ, ಆದರೆ ಗುಂಡಿಯನ್ನು ಕಂಡ ನೀರು ತನ್ನ ನಡತೆಯನ್ನು ಬದಲಿಸುತ್ತದೆ. ಸಮತಟ್ಟಾಗಿ ಬರುತ್ತಿದ್ದ ಹರಿವು ಗುಂಡಿಯ ಮೇಲಂಚಿನಲ್ಲಿ ಜಲಪಾತದಂತೆ ಧುಮುಕಿ ಆ ಅಂಚನ್ನು ಕೊರೆಯುತ್ತದೆ. ಅಂಚು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಮೇಲ್ಭಾಗದ ಊರಿನವರೆಗೂ ಹೊಳೆಯ ಪಾತ್ರವನ್ನು ತಗ್ಗಿಸುತ್ತದೆ; ಗುಂಡಿ ತೋಡಿದವನು ಯಾವ ಊರಿನವನೋ, ದಂಡೆ ಕುಸಿಯುವುದು ಯಾರ ಹೊಲದಲ್ಲೋ. ಹೊತ್ತು ತಂದ ಮರಳನ್ನು ಗುಂಡಿಯಲ್ಲಿ ಇಳಿಸಿದ ನೀರು ಬರಿಗೈಯಲ್ಲಿ ಮುಂದೆ ಹೋಗುತ್ತದೆ. ಬರಿಗೈಯ ನೀರು ಹಸಿದ ನೀರು. ಅದು ಕೆಳಗಿನ ದಂಡೆಯ ಮಣ್ಣನ್ನು ತಿಂದು ತನ್ನ ಹೊರೆಯನ್ನು ತುಂಬಿಕೊಳ್ಳುತ್ತದೆ. ಬುಡ ಟೊಳ್ಳಾದ ದಂಡೆ, ಪ್ರವಾಹ ಏರುವಾಗ ಅಲ್ಲ, ಇಳಿಯುವಾಗ ಕಳಚಿ ಬೀಳುತ್ತದೆ. ನೀರು ಕುಡಿದು ಭಾರವಾದ ಮಣ್ಣಿಗೆ ಎದುರಿನಿಂದ ಆನಿಸಿಕೊಂಡಿದ್ದ ಹೊಳೆಯ ಆಸರೆ ತಪ್ಪುವುದೇ ಆಗ. ನೆರೆ ಇಳಿಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟ ಮರುದಿನ ತೆಂಗಿನ ಮರಗಳು ಬೇರುಸಹಿತ ಹೊಳೆಗೆ ಮಲಗಿರುತ್ತವೆ.

ನ್ಯಾಯವಾಗಿ ಒಂದು ಮಾತನ್ನು ಒಪ್ಪಬೇಕು. ಹೊಳೆಯ ನಡುವೆ ದಿಬ್ಬ ಬೆಳೆದು ನೀರನ್ನು ಒಂದೇ ದಂಡೆಗೆ ತಳ್ಳುತ್ತಿದ್ದರೆ, ಅಳತೆಯಿಂದ ಅದನ್ನು ಇಳಿಸುವುದು ಒಳ್ಳೆಯದೇ. ಹಾಗೆಯೇ, ಹೊನ್ನಾಳಿಯ ಬಾಲರಾಜ್ ಘಾಟಿಗೋ ಹರಿಹರದ ಗಂಗಾನಗರಕ್ಕೋ ನೀರು ನುಗ್ಗಿದಾಗಲೆಲ್ಲ ಮರಳು ತೆಗೆದದ್ದೇ ಕಾರಣವೆಂದು ಹೇಳುವುದು ಸತ್ಯವಾಗದು. 2019ರ ಆಗಸ್ಟಿನಂತೆ ಮಲೆನಾಡಿನಲ್ಲಿ ಮಳೆ ಸುರಿದು ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ತಗ್ಗಿನ ಬಡಾವಣೆಗಳಿಗೆ ಹೊಳೆ ಬಂದೇ ಬರುತ್ತದೆ. ಮರಳಿನ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ಸಂತ ಮತ್ತಾಯರ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ನಾವೆಲ್ಲ ಕೇಳಿದ್ದೇವೆ. ಪಲೆಸ್ತೀನದ ಹಳ್ಳಗಳು ಬೇಸಿಗೆಯಲ್ಲಿ ಒಣಗಿ, ಮಟ್ಟಸವಾದ ಮರಳಿನ ಬಯಲಾಗಿ ಕಾಣುತ್ತವೆ. ಮನೆ ಕಟ್ಟಲು ಹೇಳಿ ಮಾಡಿಸಿದ ಜಾಗ ಎನ್ನಿಸುತ್ತದೆ. ಮಳೆಗಾಲದಲ್ಲಿ ಅದೇ ಜಾಗ ಹಳ್ಳ. ಪ್ರಭುವಿನ ಮಾತು ಕೇಳಿದವರಿಗೆ ಅದು ಕಣ್ಣಿಗೆ ಕಟ್ಟಿರಬೇಕು. ಆದರೆ ಆ ಸಾಮತಿಯ ಮೂಢನನ್ನು ನಮ್ಮ ಹೊಳೆದಂಡೆಯ ಬಡವರಿಗೆ ಹೋಲಿಸುವ ಪ್ರಬೋಧನೆಯನ್ನು ಕೇಳಿದರೆ ನನಗೆ ಕಸಿವಿಸಿಯಾಗುತ್ತದೆ. ಬಂಡೆಯ ಮೇಲೆ ನಿವೇಶನವಿದ್ದೂ ಮರಳನ್ನು ಆರಿಸಿಕೊಂಡವನು ಮೂಢ. ಬೇರೆ ನಿವೇಶನವೇ ಇಲ್ಲದವನು ಮೂಢನಲ್ಲ. ಅವನ ಮನೆಯ ಮುಂದಿನ ದಂಡೆಯನ್ನು ಟೊಳ್ಳು ಮಾಡಿ ಬೇರೆಯವರ ಮನೆ ಎದ್ದಿತೆಂಬುದು ಇನ್ನೂ ಕಹಿಯಾದ ಸಂಗತಿ.

ನೆರೆಗಿಂತ ಬೇಸಿಗೆಯ ನಷ್ಟವೇ ದೊಡ್ಡದಿರಬಹುದು ಎಂದು ನನಗೆ ತೋರುತ್ತದೆ. ಹಿಂದೆ ಹೊಳೆ ಬತ್ತಿದಾಗ ಹೆಂಗಸರು ಮರಳಿನಲ್ಲಿ ಮೊಳದಷ್ಟು ತೋಡಿ ವರತೆ ಮಾಡಿಕೊಳ್ಳುತ್ತಿದ್ದರು. ಮೊದಲು ಕದಡಿದ ನೀರು. ಅದನ್ನು ಚೆಲ್ಲಿ ಸ್ವಲ್ಪ ಹೊತ್ತು ಕಾದರೆ ತಿಳಿನೀರು ಜಿನುಗಿ ನಿಲ್ಲುತ್ತಿತ್ತು. ಚಿಪ್ಪಿನಿಂದ ಮೊಗೆದು ಮೊಗೆದು ಕೊಡ ತುಂಬಿಸುವ ತಾಳ್ಮೆ ಅವರಿಗಿತ್ತು. ಒಂದು ಘನ ಮೀಟರ್ ಮರಳು ತನ್ನ ಕಣಗಳ ಸಂದಿನಲ್ಲಿ ಸುಮಾರು 250 ಲೀಟರಿನಷ್ಟು ನೀರನ್ನು ಹಿಡಿದಿಟ್ಟು ಮತ್ತೆ ಬಿಟ್ಟುಕೊಡಬಲ್ಲದು. ಮೇಲೆ ಹೇಳಿದ ಒಂದೇ ಗುಂಡಿಯ ಲೆಕ್ಕದಲ್ಲಿ ಅದು ಸುಮಾರು 37 ಲಕ್ಷ ಲೀಟರು. ಬಿಸಿಲಿಗೆ ಆವಿಯಾಗದ, ಸೋಸಿ ಇಟ್ಟ ನೀರು. ಮರಳು ಹೋದ ಮೇಲೆ ಹೊಳೆಯ ಮಟ್ಟ ತಗ್ಗುತ್ತದೆ, ಅದಕ್ಕೆ ತಕ್ಕಂತೆ ದಂಡೆಯ ಬಾವಿ ಕೊಳವೆಬಾವಿಗಳ ನೀರೂ ತಗ್ಗುತ್ತದೆ. ದಾವಣಗೆರೆ ನಗರಕ್ಕೆ ನೀರೆತ್ತುವ ರಾಜನಹಳ್ಳಿಯ ಜಾಕ್‌ವೆಲ್ಲಿನಂಥವುಗಳೂ ಹೊಳೆಯ ಮಟ್ಟವನ್ನೇ ನಂಬಿಕೊಂಡಿವೆ. 2023–24ರ ಬರದಲ್ಲಿ ತೋಟ ಉಳಿಸಿಕೊಳ್ಳಲು ಟ್ಯಾಂಕರಿಗೆ ದುಡ್ಡು ಸುರಿದವರಿಗೆ ಒಂದು ಲಕ್ಷ ಲೀಟರಿನ ಬೆಲೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ.

ಇನ್ನು ಸೇತುವೆಗಳು. 2018ರ ಜೂನ್ 25ರಂದು ದಕ್ಷಿಣ ಕನ್ನಡದ ಮೂಲರಪಟ್ನದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿಯಿತು. ಹತ್ತಿರದಲ್ಲೇ ನಡೆಯುತ್ತಿದ್ದ ಮರಳುಗಾರಿಕೆಯೇ ಕಾರಣವೆಂದು ಸ್ಥಳೀಯರು ದೂರಿದರು. ಅಲ್ಲಿ ಜೀವಹಾನಿಯಾಗಲಿಲ್ಲ. ಪೋರ್ಚುಗಲ್ ದೇಶದಲ್ಲಿ ಹಾಗಾಗಲಿಲ್ಲ. 2001ರ ಮಾರ್ಚ್ 4, ತಪಸ್ಸುಕಾಲದ ಮೊದಲ ಭಾನುವಾರ. ಡೌರೊ ನದಿಯ ಮೇಲೆ ನೂರು ವರ್ಷ ದಾಟಿದ್ದ ಸೇತುವೆಯ ಕಂಬವೊಂದು ರಾತ್ರಿ ಕುಸಿದು, ಪ್ರವಾಸ ಮುಗಿಸಿ ಊರಿಗೆ ಮರಳುತ್ತಿದ್ದ ಬಸ್ಸೂ ಕಾರುಗಳೂ ಪ್ರವಾಹಕ್ಕೆ ಬಿದ್ದವು. 59 ಮಂದಿ ಸತ್ತರು. ವರ್ಷಾನುಗಟ್ಟಲೆ ಮರಳು ತೆಗೆದು ಕಂಬದ ಬುಡ ಬರಿದಾಗಿತ್ತೆಂದು ತನಿಖೆಯಲ್ಲಿ ಕಂಡುಬಂತು. ಸಂಬಂಧಪಟ್ಟ ಸಚಿವರು ರಾಜೀನಾಮೆ ಕೊಟ್ಟರು. ಮರಳು ತೆಗೆದವರಲ್ಲಿ ಯಾರೂ ಸೇತುವೆ ಬೀಳಿಸಬೇಕೆಂದು ಹೊರಟವರಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಒಂದು ಲೋಡನ್ನಷ್ಟೇ ತೆಗೆದಿದ್ದರು.

ಹಾಗಾದರೆ ಮರಳನ್ನು ಮುಟ್ಟಲೇಬಾರದೇ? ಮನೆಗಳು ಬೇಡವೇ? ಇಲ್ಲಿ ನನಗೆ ಧರ್ಮೋಪದೇಶಕಾಂಡದ ಒಂದು ಸಣ್ಣ ಕಟ್ಟಳೆ ನೆನಪಾಗುತ್ತದೆ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿದೆ; ಕತ್ತೆ, ಮಾಳಿಗೆಗಳ ಕುರಿತ ನಿಯಮಗಳ ನಡುವೆ ಹುದುಗಿರುವುದರಿಂದ ಅದರ ಮೇಲೆ ಪ್ರಬೋಧನೆ ಕೇಳಿದ್ದು ಕಡಿಮೆ. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕಿ, ತಾಯಿ ಹಕ್ಕಿ ಮೊಟ್ಟೆಗಳ ಮೇಲೆ ಕುಳಿತಿದ್ದರೆ, ಮೊಟ್ಟೆಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಬಿಟ್ಟುಬಿಡಬೇಕು. ಹಾಗೆ ಮಾಡಿದರೆ ನಿನಗೆ ಒಳ್ಳೆಯದಾಗಿ ಬಹುಕಾಲ ಬಾಳುವೆ ಎಂಬುದು ಅದರ ತಾತ್ಪರ್ಯ. ಫಲವನ್ನು ಉಣ್ಣು, ಫಲ ಕೊಡುವುದನ್ನು ಉಳಿಸು. ಲಕ್ಕವಳ್ಳಿಯ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಗೂಡುಮಾಡುವ ರಿವರ್ ಟರ್ನ್ ಹಕ್ಕಿಗಳನ್ನು ನೀವು ನೋಡಿದ್ದರೆ ಈ ಕಟ್ಟಳೆ ಇನ್ನಷ್ಟು ಹತ್ತಿರವಾಗುತ್ತದೆ. ಬರಿ ನೆಲದ ಮೇಲೆಯೇ ಮೊಟ್ಟೆ ಇಡುವ ಆ ಹಕ್ಕಿಗೆ ಹೊಳೆಯಂಚೇ ಗೂಡು.

ಆಶ್ಚರ್ಯವೆಂದರೆ ನಮ್ಮ ದೇಶದ ಕಾನೂನೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಕಡಿಮೆ ಜಾಗದಲ್ಲಿ ಮರಳು, ಗರಸು ಮೊದಲಾದ ಉಪಖನಿಜ ತೆಗೆಯುವುದಕ್ಕೂ ಪರಿಸರ ಅನುಮತಿ ಬೇಕೆಂದು ಆದೇಶಿಸಿತು. ಅಲ್ಲಿಯವರೆಗೆ ದೊಡ್ಡ ಜಾಗವನ್ನು ಚೂರು ಚೂರು ಮಾಡಿ ಗುತ್ತಿಗೆ ಕೊಟ್ಟು ನಿಯಮದಿಂದ ನುಣುಚಿಕೊಳ್ಳಲು ದಾರಿಯಿತ್ತು. 2016 ಮತ್ತು 2020ರಲ್ಲಿ ಕೇಂದ್ರದ ಪರಿಸರ ಸಚಿವಾಲಯ ಮಾರ್ಗಸೂಚಿಗಳನ್ನು ಹೊರಡಿಸಿತು: ಪ್ರತಿ ಜಿಲ್ಲೆಯೂ ತನ್ನ ಹೊಳೆಯಲ್ಲಿ ಎಲ್ಲಿ ಎಷ್ಟು ಮರಳಿದೆಯೆಂದು ಸಮೀಕ್ಷೆ ಮಾಡಬೇಕು, ಮಳೆಗಾಲದ ಮುಂಚೆ ಮತ್ತು ಅನಂತರ ಅಳೆದು, ಹೊಸದಾಗಿ ಬಂದು ಸೇರಿದ್ದೆಷ್ಟೆಂದು ತಿಳಿಯಬೇಕು, ಮೂರು ಮೀಟರಿಗಿಂತ ಆಳಕ್ಕೆ ಹೋಗಬಾರದು, ಅದಕ್ಕೂ ಮೊದಲೇ ನೀರು ಕಂಡರೆ ಅಲ್ಲಿಗೇ ನಿಲ್ಲಬೇಕು, ಸೇತುವೆ, ಜಾಕ್‌ವೆಲ್ಲುಗಳ ಹತ್ತಿರ ಸುಳಿಯಬಾರದು, ಮಳೆಗಾಲದಲ್ಲಿ ಹೊಳೆಗೆ ಇಳಿಯಬಾರದು. ಕಾಗದದ ಮೇಲೆ ತಾಯಿ ಹಕ್ಕಿ ಕ್ಷೇಮವಾಗಿದೆ.

ಕಾಗದದ ಹೊರಗೆ ಏನು ನಡೆಯುತ್ತದೆಂಬುದು ಮನೆ ಕಟ್ಟಿಸಿದ ಪ್ರತಿಯೊಬ್ಬರಿಗೂ ಗೊತ್ತು. ನಮ್ಮ ಮನೆಯ ಕೆಲಸ ತಾರಸಿ ಮಟ್ಟಕ್ಕೆ ಬಂದಾಗ ಒಬ್ಬರು ಬಂದು ಕೇಳಿದರು: "ಅಣ್ಣಾರೆ, ಪಾಸಿನ ಮರಳು ಬೇಕೋ, ರಾತ್ರಿ ಮರಳು ಬೇಕೋ?" ಎರಡರ ಬೆಲೆಯಲ್ಲಿ ಬಹಳ ಅಂತರವಿತ್ತು. ಮನೆಯಲ್ಲಿ ಎರಡು ದಿನ ಚರ್ಚೆಯಾಯಿತು. ಸಾಲದ ಕಂತು, ಮಗಳ ಫೀಜು, ಎಲ್ಲರೂ ಹಾಕಿಸಿಕೊಳ್ಳುವಾಗ ನಮಗೊಬ್ಬರಿಗೇ ಏಕೆ ಈ ಮಡಿ ಎಂಬ ಮಾತು. ಕಡೆಗೆ ನನ್ನ ಹೆಂಡತಿ ಹೇಳಿದಳು, "ಗೃಹಪ್ರವೇಶಕ್ಕೆ ಫಾದರ್ ಬಂದು ಗೋಡೆಗೆ ಪವಿತ್ರಜಲ ಚಿಮುಕಿಸ್ತಾರೆ. ಆ ಗೋಡೆಗೆ ರಾತ್ರಿ ಮರಳು ಬೇಡ." ಪಾಸಿನ ಮರಳು ಸ್ವಲ್ಪ, ಎಂ-ಸ್ಯಾಂಡ್ ಹೆಚ್ಚು ಹಾಕಿಸಿ ಕೆಲಸ ಮುಗಿಸಿದೆವು. ಮೇಲಿನ ಕೋಣೆಯೊಂದನ್ನು ಕೈಬಿಡಬೇಕಾಯಿತು. ಇಂದಿಗೂ ಅದರ ಕಂಬಿಗಳು ತಾರಸಿಯ ಮೇಲೆ ತುಕ್ಕು ಹಿಡಿಯುತ್ತಾ ನಿಂತಿವೆ.

ರಾತ್ರಿ ಮರಳಿನ ಕೂಲಿಯವರನ್ನು ನಾನು ಕಳ್ಳರೆನ್ನಲಾರೆ. ಹೊಳೆಯ ಕಡೆಯ ನಮ್ಮ ಪರಿಚಿತರೊಬ್ಬರು ಎದೆಮಟ್ಟದ ನೀರಿನಲ್ಲಿ ನಿಂತು, ಮುಳುಗಿ, ಬುಟ್ಟಿಯಲ್ಲಿ ಮರಳೆತ್ತಿ ತೆಪ್ಪ ತುಂಬಿಸುತ್ತಿದ್ದವರು. "ಹೊಳೆಗಿಳೀಲಿಲ್ಲ ಅಂದ್ರೆ ಒಲೆ ಹತ್ತಲ್ಲ ಅಣ್ಣ. ನಮಿಗೆ ಸಿಗೋದು ಕೂಲಿ. ಲಾಭ ಲಾರಿಯೋರದ್ದು, ಕೇಸು ನಮ್ದು," ಎಂದಿದ್ದರು. ಆಮೇಲೆ ಯಂತ್ರಗಳು ಬಂದು, ಹತ್ತು ಜನ ಒಂದು ದಿನದಲ್ಲಿ ಎತ್ತುತ್ತಿದ್ದುದನ್ನು ಅರ್ಧ ಗಂಟೆಯಲ್ಲಿ ಎತ್ತತೊಡಗಿದಾಗ ಅವರ ಕೂಲಿಯೂ ಹೋಯಿತು. ಕೈಬುಟ್ಟಿಗೆ ಒಂದು ಮಿತಿಯಿತ್ತು. ಬೆನ್ನು ನೋಯುವಲ್ಲಿಗೆ ಆಸೆ ನಿಲ್ಲುತ್ತಿತ್ತು. ಯಂತ್ರಕ್ಕೆ ಬೆನ್ನಿಲ್ಲ. ಯಂತ್ರ ತೋಡಿದ ಗುಂಡಿ ನೀರು ತುಂಬಿದ ಮೇಲೆ ಕಣ್ಣಿಗೆ ಕಾಣುವುದೂ ಇಲ್ಲ. ಬಟ್ಟೆ ಒಗೆಯಲು ಬಂದವರು, ಈಜಲು ಇಳಿದ ಮಕ್ಕಳು ಮೊಣಕಾಲುದ್ದ ನೀರೆಂದು ಕಾಲಿಟ್ಟು ಕಾಣದಾಗುತ್ತಾರೆ.

ಎಂ-ಸ್ಯಾಂಡ್ ಹಾಕಿಸಿದೆವೆಂದು ಬೀಗುವಂತೆಯೂ ಇಲ್ಲ. ಅದಕ್ಕೂ ಒಂದು ಗುಡ್ಡ ಪುಡಿಯಾಗಬೇಕು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ತುಂಬಿದ ಲಾರಿ ಸಿಡಿದು ಹಲವರು ಸತ್ತದ್ದನ್ನು, ಆ ಸದ್ದಿಗೆ ನಮ್ಮ ಸೀಮೆಯೆಲ್ಲ ಬೆಚ್ಚಿದ್ದನ್ನು ಮರೆಯುವ ಹಾಗಿಲ್ಲ. ಗರಸಿನ ಕಥೆಯೂ ಅಷ್ಟೇ. ಗುಡ್ಡದ ಪಕ್ಕೆ ಬಗೆದಲ್ಲಿ ಹುಲ್ಲಿನ ಹಿಡಿತ ತಪ್ಪಿ, ಮೊದಲ ಮಳೆಗೇ ಕೆಮ್ಮಣ್ಣು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಇಳಿಯುತ್ತದೆ. ನಮ್ಮ ತಾಲ್ಲೂಕಿನಲ್ಲಿ ಹಾಗೆ ಇಳಿದ ಮಣ್ಣಿಗೆ ಸಿಗುವ ಕೆರೆ ಎಂಥದೆಂದು ನಿಮಗೆ ಗೊತ್ತು: ಶಾಂತಿಸಾಗರ, ನಮ್ಮ ಬಾಯಲ್ಲಿ ಸೂಳೆಕೆರೆ. ಚಿತ್ರದುರ್ಗದವರೆಗೆ ಕುಡಿಯುವ ನೀರು ಕೊಡುವ ಕೆರೆ, ಹರಿದ್ರಾ ಹೊಳೆಯಾಗಿ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವ ನೀರು. ಹೂಳಿನಿಂದ ಆಳ ಕಳೆದುಕೊಂಡ ಕೆರೆ ಮಳೆಗಾಲದಲ್ಲಿ ಬೇಗ ತುಂಬಿ ಚೆಲ್ಲುತ್ತದೆ, ಬೇಸಿಗೆಯಲ್ಲಿ ಬೇಗ ಬತ್ತುತ್ತದೆ. ಆ ಕೆರೆಯ ಗಡಿಯನ್ನು ಅಳತೆ ಮಾಡಿಸಬೇಕೆಂದು ಖಡ್ಗ ಸಂಘದ ಯುವಕರು ಪಟ್ಟು ಹಿಡಿದು ಓಡಾಡಿದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. ನಮ್ಮ ಧರ್ಮಕೇಂದ್ರಗಳ ಯುವಜನರ ಹೆಸರೂ ಅಂಥ ಕೆಲಸಗಳಲ್ಲಿ ಹೆಚ್ಚು ಕೇಳಿಬರಲಿ ಎಂಬುದು ನನ್ನ ಆಸೆ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ 'ಲೌದಾತೊ ಸಿ' ವಿಶ್ವಪರಿಪತ್ರವನ್ನು ಬರೆದಾಗ ನಾವೆಲ್ಲ ಚರ್ಚಿನ ಆವರಣದಲ್ಲಿ ಸಸಿ ನೆಟ್ಟೆವು. ಸಸಿ ನೆಡುವುದು ಒಳ್ಳೆಯದೇ. ಅದರಿಂದ ಯಾರಿಗೂ ಸಿಟ್ಟು ಬರುವುದಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ನಮ್ಮ ಹಳ್ಳದ ಮರಳಿನ ಲೆಕ್ಕ ಕೇಳಿದರೆ ಸಿಟ್ಟು ಬರುವವರಿದ್ದಾರೆ.

ಆದರೂ ಕೇಳಬೇಕು. ರಾಜ್ಯದ 2020ರ ಮರಳು ನೀತಿ ಸಣ್ಣ ಹಳ್ಳಗಳ ಮರಳನ್ನು ಸ್ಥಳೀಯ ಬಳಕೆಗೆ ಕೊಡುವಲ್ಲಿ ಗ್ರಾಮ ಪಂಚಾಯಿತಿಗೆ ಪಾತ್ರ ಕೊಟ್ಟಿತು; ಅಂದರೆ ನಮ್ಮ ಪ್ರಶ್ನೆಗೆ ಉತ್ತರಿಸಬೇಕಾದವರು ಬೆಂಗಳೂರಿನಲ್ಲಿಲ್ಲ, ಪಂಚಾಯಿತಿ ಕಟ್ಟೆಯಲ್ಲಿಯೇ ಇದ್ದಾರೆ. ಕೇರಳದವರು 2001ರಲ್ಲೇ ನದಿದಂಡೆಗಳ ರಕ್ಷಣೆಗೆ ಪ್ರತ್ಯೇಕ ಕಾನೂನು ಮಾಡಿ, ಪ್ರತಿ ಕಡವಿಗೂ ಸ್ಥಳೀಯ ಸಮಿತಿ ಇಟ್ಟು, ಮರಳಿನ ಹಣದಲ್ಲಿ ಒಂದು ಪಾಲನ್ನು ನದಿಯ ನಿಧಿಗೆ ತೆಗೆದಿಟ್ಟರು. ಅಲ್ಲಿ ಎಲ್ಲವೂ ಸರಿಯಾಯಿತೆಂದಲ್ಲ. ಆದರೆ ಹೊಳೆಯಿಂದ ಬಂದ ಹಣದಲ್ಲಿ ಹೊಳೆಗೂ ಪಾಲುಂಟು ಎಂಬ ವಿವೇಕ ನನಗೆ ಇಷ್ಟವಾಗುತ್ತದೆ. ಕುಸಿದ ದಂಡೆಗೆ ಬಿದಿರು, ಹೊಂಗೆ ನೆಡಲು, ನೆರೆಗೆ ಮನೆ ಕಳೆದುಕೊಂಡವರಿಗೆ ಎತ್ತರದಲ್ಲಿ ನಿವೇಶನ ಕೊಡಲು ಆ ಪಾಲು ಇರಬೇಡವೇ?

ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮಲ್ಲಿ ಅನೇಕರು ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಹೋಗುತ್ತೇವೆ. ಆಗ ಹೊಳೆ ತುಂಬಿರುತ್ತದೆ, ಸೇತುವೆಯಿಂದ ನೋಡಿದರೆ ಕೆಂಪು ನೀರಿನ ಹೊರತು ಏನೂ ಕಾಣುವುದಿಲ್ಲ. ತಪಸ್ಸುಕಾಲದಲ್ಲಿ ಒಮ್ಮೆ ಹೋಗಿ, ಬಿಸಿಲೇರುವ ಮುಂಚೆ. ಮಕ್ಕಳನ್ನೂ ಕರೆದೊಯ್ಯಿರಿ. ಹರಿಹರವೇ ಆಗಬೇಕೆಂದಿಲ್ಲ, ನಿಮ್ಮೂರಿನ ಹಳ್ಳದ ಸೇತುವೆಯಾದರೂ ಸರಿ. ಕೆಳಗಿಳಿದು ಕಂಬದ ಬುಡವನ್ನು ನೋಡಿ. ಹಿಂದೆ ಮರಳು ಮುಚ್ಚಿದ್ದಷ್ಟು ಭಾಗದ ಬಣ್ಣ ಮೇಲಿನ ಭಾಗದ ಬಣ್ಣಕ್ಕಿಂತ ಬೇರೆಯಾಗಿರುತ್ತದೆ. ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆಯಿಂದ ಈಗಿನ ಹೊಳೆಯ ತಳದವರೆಗೆ ಎಷ್ಟು ಮೊಳವಿದೆಯೆಂದು ಅಳೆದು, ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಮುಂದಿನ ತಪಸ್ಸುಕಾಲದಲ್ಲಿ ಮತ್ತೆ ಹೋಗಿ ಅದೇ ಕಂಬವನ್ನು ಅಳೆಯಿರಿ. ಗ್ರಾಮಸಭೆಗೆ ಹೋಗುವಾಗ ಆ ಎರಡು ಅಳತೆಗಳ ಚೀಟಿ ಜೇಬಿನಲ್ಲಿರಲಿ.